ವಿಭೂತಿ ಬಳಿದ ಮುಳ್ಳು

ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ನೆನಪಾಗುವುದು ನಮ್ಮ ಕಾಕಾನ ಠೀವಿ.

ನಿಜಾಮನ ಆಳ್ವಿಕೆಯ ಕೊನೆಗಾಲ ಅದು. ಕೆಂಭಾವಿ ಸೀಮೆಗೆಲ್ಲ ಮೊದಲ ಟ್ರ್ಯಾಕ್ಟರ್ ತರಿಸಿದವನು ತಾನೇ ಎಂದು ಕಾಕಾನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಟೇರಿಂಗ್ ಮುಂದೆ ಗಡಿಯಾರದ ಮುಖದಂಥ ಎರಡು ಗಾಜುಗಳಿದ್ದವು. ಮನೆಗೆ ಬಂದವರಿಗೆ ಚಹಾ ಸಿಗದಿದ್ದರೂ ಆ ಗಾಜುಗಳ ಪಾಠ ಮಾತ್ರ ತಪ್ಪುತ್ತಿರಲಿಲ್ಲ. "ಇದು ಕಾವಿಂದು, ಇದು ಎಣ್ಣೀದು. ಎಣ್ಣಿ ಮುಳ್ಳು ಕೆಳಗ ಬಿತ್ತಂದ್ರ ಗಾಡಿ ಅಲ್ಲೇ ನಿಂದರಸಬೇಕು, ತಿಳೀತಿಲ್ಲೋ?"

ಖಂಡೇನವಮಿ ದಿನ ಆಯುಧಪೂಜೆಗೆಂದು ಅದೇ ಮಹಾಶಯ ಎರಡೂ ಗಾಜುಗಳಿಗೆ ದಪ್ಪಗೆ ವಿಭೂತಿ ಬಳಿದು, ನಡುವೆ ಕುಂಕುಮ ಮೆತ್ತಿದ. ಮಧ್ಯಾಹ್ನ ಊರಿಗೆಲ್ಲ ಗಾಡಿ ತೋರಿಸಲು ಹೊರಟಾಗ ಕಾಕಿ ಕೇಳಿದಳು, "ಮುಳ್ಳು ಹೆಂಗ ಕಾಣಬೇಕ್ರಿ? ಒರಸ್ಲೇನು?"

"ಪೂಜಿ ಮಾಡಿದ್ದು ಯಾರರೆ ಒರಸ್ತಾರೇನು? ನನಗ ಸಪ್ಪಳದಾಗ ತಿಳೀತದ. ನೀ ಹೋಗಿ ಒಲಿ ನೋಡ್ಕೊ."

ಅಂಗಳದಿಂದಲೇ ಎಣ್ಣೆ ಸೋರಿ ಹಾದಿಯುದ್ದಕ್ಕೂ ಕರಿಗೆರೆ ಎಳೆದಿತ್ತು. ನಾನು ಆ ಗೆರೆಯ ಹಿಂದೆಯೇ ಓಡಿದೆ. ಕೆರೆ ಏರಿಯ ಹತ್ತಿರ ಎಂಜಿನ್ ನೀಲಿ ಹೊಗೆ ಕಾರಿ, ಕಿರಿಚಿ, ಜಾಮ್ ಆಗಿ ನಿಂತಿತು. "ಯಾರದೋ ಕಣ್ಣು ಬಿತ್ತು" ಎಂದು ಕಾಕಾ ಮುಖ ಒರೆಸಿಕೊಂಡ. ಗಾಜು ಆಗಲೂ ಒರೆಸಲಿಲ್ಲ.

ಸಂಜೆ ಎರಡು ಜೋಡಿ ಎತ್ತು ಕಟ್ಟಿ ಟ್ರ್ಯಾಕ್ಟರನ್ನು ಮನೆಗೆ ಎಳೆದು ತಂದರು. ಕಾಕಾ ಕೆಳಗಿಳಿಯಲೇ ಇಲ್ಲ. ಮೇಲೆಯೇ ಕೂತು, ಸ್ಟೇರಿಂಗ್ ತಿರುವುತ್ತ, ಓಣಿಯ ಮಂದಿಗೆ ಒದರುತ್ತಿದ್ದ:

"ಹಾದಿ ಬಿಡ್ರಿ, ಟ್ರ್ಯಾಕ್ಟರ್ ಬರಾಕತ್ತದ!"