ಎರಡು ಸೀಟಿನ ಮಾಡೆಲ್

"ಇಂಜಿನ್ ಎರಡಕ್ಕೂ ಒಂದೇ ಸಾರ್. ಇದು ನಲವತ್ತೊಂಬತ್ತರ ಮಾಡೆಲ್, ನಾಲ್ಕು ಸೀಟು. ಅದು ಐವತ್ತೊಂದರದು, ಎರಡೇ ಸೀಟು. ಯಾವ್ದು ಅಂತ ನೀವೇ ಹೇಳ್ಬೇಕು," ಎಂದು ಕದಿರೇಶ ಎಣ್ಣೆ ಕೈಯನ್ನು ಗೋಣಿ ತುಂಡಿಗೆ ಒರೆಸಿಕೊಂಡ. ನಂಗಲಿಯ ಹೆದ್ದಾರಿ ಪಕ್ಕದ ಅವನ ಷೆಡ್ಡಿನಲ್ಲಿ, ರಿಪೇರಿಗೆ ನಿಂತ ಲಾರಿಗಳ ನಡುವೆ, ಚಿನ್ನದ ಗಣಿಯ ದೊರೆಗಳು ಊರು ಬಿಡುವಾಗ ಮಾರಿಹೋದ ಎರಡು ಎಂ.ಜಿ. ಕಾರುಗಳಿದ್ದವು. ಎರಡಕ್ಕೂ ಉದ್ದನೆಯ ಮೂತಿ, ಮಡಚುವ ಬಟ್ಟೆಯ ಟಾಪು. ನಾಲ್ಕು ಸೀಟಿನದು ಕಪ್ಪು, ಎರಡು ಸೀಟಿನದು ಕೆಂಪು.

ದೊಡ್ಡವೆಂಕಟಪ್ಪ ಕಪ್ಪು ಕಾರನ್ನು ಒಂದು ಸುತ್ತು ಬಂದ. ಎತ್ತು ಕೊಳ್ಳುವವನ ಹಾಗೆ ಬೆನ್ನ ಮೇಲೆ ಅಂಗೈಯಿಟ್ಟು ಒತ್ತಿದ, ಬಗ್ಗಿ ಚಕ್ರಗಳನ್ನು ನೋಡಿದ. ಆಮೇಲೆ ಹಿಂದಿನ ಸೀಟಿಗೆ ಹತ್ತಿ ಕೂತು ಕಾಲು ಚಾಚಿ ನೋಡಿದ. ಹೋದ ತಿಂಗಳು, ಮಂಡಿ ಊದಿಕೊಂಡ ತಾಯಿ ಮುನಿಶಾಮಮ್ಮನನ್ನು ಶ್ರೀನಿವಾಸಪುರದಿಂದ ಕೋಲಾರದ ಆಸ್ಪತ್ರೆಗೆ ಮಾವಿನಕಾಯಿ ಲಾರಿಯಲ್ಲಿ, ಮಕ್ಕರಿಗಳ ನಡುವೆ ಮಲಗಿಸಿ ಒಯ್ದಿದ್ದರು. ಗುಂಡಿ ಬಂದಾಗಲೆಲ್ಲ ಮುದುಕಿ ಕಿರುಚಿಕೊಂಡಿದ್ದಳು. ಅವತ್ತು ಊಟಕ್ಕೆ ಕೂತಾಗ ತಮ್ಮ ಕೋದಂಡರಾಮಪ್ಪನೇ, "ಅಣ್ಣಾ, ಅಮ್ಮನಿಗೋಸ್ಕರ ಒಂದು ಕಾರು ತಗಂಡುಬಿಡಾಣ" ಎಂದಿದ್ದ. ಆ ಒಂದು ಮಾತಿಗೆ ದೊಡ್ಡವೆಂಕಟಪ್ಪ ಎಪ್ಪತ್ತೆಂಟನೇ ಇಸವಿಯ ತೋಟದ ಫಸಲಿನ ದುಡ್ಡನ್ನೆಲ್ಲ ತಮ್ಮನ ಕೈಗೆ ಬಿಟ್ಟಿದ್ದ.

"ಇದೇ ಸರಿಹೋಯ್ತದೆ ಕಣೋ ಕೋದಂಡ. ಅಮ್ಮ ಇಲ್ಲಿ ಕಾಲು ನೀಡ್ಕಂಡು ಕೂತ್ಕಂತಾಳೆ. ಪಕ್ಕದಾಗೆ ನಿಮ್ಮತ್ತಿಗೆ. ಮುಂದೆ ನೀನು, ನಿನ್ನ ಹೆಂಡ್ತಿ ಭಾರತಿ."

"ನೀವು ಸಾರ್?" ಎಂದ ಕದಿರೇಶ.

"ನಂಗೆ ಬಸ್ಸೈತಲ್ಲಪ್ಪ."

ಕೋದಂಡರಾಮಪ್ಪ ಇತ್ತ ತಿರುಗಿಯೂ ನೋಡಲಿಲ್ಲ. ಕೆಂಪು ಕಾರಿನ ಮೂತಿಯನ್ನು ತನ್ನ ಕರ್ಚೀಫಿನಿಂದಲೇ ಉಜ್ಜುತ್ತಿದ್ದ. "ಅದು ಮುದಿ ಎಮ್ಮೆ ಇದ್ದಂಗೈತೆ ಅಣ್ಣಾ. ಇದನ್ನ ನೋಡು, ಕುದುರೆ!"

"ಕುದುರೆ ಮ್ಯಾಲೆ ಅಮ್ಮನ್ನ ಎಲ್ಲಿ ಕೂರಿಸ್ತೀಯ?"

"ನನ್ನ ಪಕ್ಕದಾಗೆ ಕೂತ್ಕಳ್ಳಿ."

"ಆಗ ಭಾರತಿ?"

ಕೋದಂಡರಾಮಪ್ಪ ಮೂತಿಯ ಆಚೆ ಬದಿಗೆ ಹೋಗಿ ಉಜ್ಜತೊಡಗಿದ. ವ್ಯಾಪಾರ ಕೆಟ್ಟೀತೆಂದು ಕದಿರೇಶ ನಡುವೆ ಬಾಯಿ ಹಾಕಿದ. "ಭಾರತಮ್ಮನೋರು ಹೋದ ವಾರ ಇದ್ರಲ್ಲೇ ಕೂತು ಮುಳಬಾಗಿಲವರ್ಗೂ ಹೋಗಿಬಂದ್ರಲ್ಲ ಸಾರ್. ಕೋಲಾರದ ಹೊಸ ಮನೆ ಮುಂದೆ ನಿಲ್ಸೋಕೆ ಇದೇ ಚೆಂದ ಅಂದ್ರು."

ದೊಡ್ಡವೆಂಕಟಪ್ಪ ಕಪ್ಪು ಕಾರಿನಿಂದ ನಿಧಾನವಾಗಿ ಇಳಿದ. ಕೋಪ ನೆತ್ತಿಗೇರಿದರೆ ಅವನ ಬಾಯಿಗೆ ತೆಲುಗು ಬರುತ್ತಿತ್ತು. "ಏಮಿರಾ ಇದಿ?" ಎಂದು ಗುಡುಗಿದ. "ಕೋಲಾರದಾಗೆ ಮನೆ ಮಾಡಿದೀಯ? ಮನೆನೂ ಆರಿಸಿದ್ದಾಯ್ತು, ಗಾಡಿನೂ ಆರಿಸಿದ್ದಾಯ್ತು. ಮತ್ತೆ ನನ್ನ ಯಾಕ್ಲಾ ಕರ್ಕಂಡು ಬಂದೆ? ನಿಂಬೆಹಣ್ಣು ಇಡೋಕಾ?"

ಅದು ನಿಜವೇ ಆಗಿತ್ತು. ಅವರ ಮನೆಗೆ ಎತ್ತು ಬರಲಿ, ಗಾಡಿ ಬರಲಿ, ಹಿರಿಯವನು ನಿಂಬೆಹಣ್ಣು ಇಡದೆ ಯಾರೂ ಅದನ್ನು ಒಂದು ಹೆಜ್ಜೆ ಕದಲಿಸುತ್ತಿರಲಿಲ್ಲ. ಅವನ ಹೆಂಡತಿ ಮುನಿಗಂಗಮ್ಮ ಬೆಳಿಗ್ಗೆಯೇ ಚಕ್ರಕ್ಕೊಂದರಂತೆ ನಾಲ್ಕು ಹಣ್ಣು ತೊಳೆದು ಟವೆಲ್ಲಿನ ಅಂಚಿಗೆ ಗಂಟು ಹಾಕಿ ಕಳಿಸಿದ್ದಳು.

ಕೋದಂಡರಾಮಪ್ಪ ಕರ್ಚೀಫನ್ನು ಎಸೆದ. "ಹೂಂ ಕಣಣ್ಣ, ಅದಕ್ಕೇ ಅನ್ಕೋ! ಮದ್ವೆಯಾಗಿ ಹನ್ನೆರಡು ವರ್ಷ ಆಯ್ತು. ಹದಿನೆಂಟು ಜನದ ಮನೇಲಿ ನಾನೂ ಅವಳೂ ಕೂತು ನಾಲ್ಕು ಮಾತಾಡೋಕೆ ಒಂದು ಮೂಲೆ ಇಲ್ಲ. ಇರುಕ್ಕೊಂಡು ಇರುಕ್ಕೊಂಡು ಸಾಕಾಗಿಹೋಗೈತೆ. ಗಾಡೀಲೂ ಇರುಕ್ಕೊಂಡೇ ಕೂರ್ಬೇಕಾ?"

"ಇರುಕ್ಕೊಂಡು ಕೂತಿದ್ದಕ್ಕೇ ಕಣಲಾ ನೀನು ಇಲ್ಲೀವರ್ಗೂ ಕೆಳಕ್ಕೆ ಬಿದ್ದಿಲ್ಲ!" ದೊಡ್ಡವೆಂಕಟಪ್ಪನ ಕುತ್ತಿಗೆಯ ನರ ಉಬ್ಬಿತು. "ಬೇರೆ ಹೋಯ್ತೀನಿ ಅಂದಿದ್ರೆ ನಾನೇನು ಕಾಲು ಹಿಡ್ಕಂಡು ತಡೀತಿದ್ನಾ? ಅಮ್ಮನ ಮಂಡಿ ತೋರ್ಸಿ ಯಾಕ್ಲಾ ಕೇಳ್ದೆ? ಅವಳ ನೋವು ಹೇಳಿ ನಿನ್ನ ಹೆಂಡ್ತಿಗೆ ಸೀಟು ಮಾಡ್ಕಂಡ್ಯಲ್ಲೋ!"

ಪಕ್ಕದಲ್ಲಿ ಲಾರಿಯ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದವನು ಕೂಡ ಕೈ ನಿಲ್ಲಿಸಿ ಕೇಳುತ್ತಿದ್ದ.

ದೊಡ್ಡವೆಂಕಟಪ್ಪ ಹೆಗಲಿನಿಂದ ಟವೆಲ್ ತೆಗೆದು ಗಂಟು ಬಿಚ್ಚಿದ. ಅದನ್ನು ನೋಡಿ ಕೋದಂಡರಾಮಪ್ಪನಿಗೆ ಹೋದ ಜೀವ ಬಂದಂತಾಯಿತು. ಅಣ್ಣನ ಸಿಟ್ಟು ಹಾಲುಕ್ಕಿದಂತೆ, ಉಕ್ಕಿ ಇಳಿಯುತ್ತದೆ ಎಂದುಕೊಂಡು ಬೇಗ ಕೆಂಪು ಕಾರು ಹತ್ತಿ ಸ್ಟೇರಿಂಗ್ ಹಿಡಿದ. ಕದಿರೇಶ ಇಂಜಿನ್ ಚಾಲೂ ಮಾಡಿಸಿದ. ದೊಡ್ಡವೆಂಕಟಪ್ಪ ಬಗ್ಗಿ ಎಡಗಡೆಯ ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಒಂದು ನಿಂಬೆಹಣ್ಣು ಇಟ್ಟ. ಎದ್ದು ನಿಂತು ಟವೆಲ್ಲಿಗೆ ಮತ್ತೆ ಗಂಟು ಹಾಕಿ ಹಲ್ಲಿನಿಂದ ಎಳೆದು ಬಿಗಿದ.

"ಅಣ್ಣಾ, ಈ ಕಡೆ ಚಕ್ರಕ್ಕೆ ಎರಡು?"

"ಅವು ನನ್ನ ಪಾಲು," ಎಂದ ದೊಡ್ಡವೆಂಕಟಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ನಡೆದ. ಅಷ್ಟರಲ್ಲಿ ಬಂದ ಮುಳಬಾಗಿಲು ಬಸ್ಸಿಗೆ ಕೈಯೆತ್ತಿ ಹತ್ತಿದ. ಕಿಟಕಿಯಿಂದ ನೋಡಿದಾಗ ಕೆಂಪು ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಎಡಗಡೆ ಎರಡು ನಿಂಬೆಹಣ್ಣು, ಬಲಗಡೆ ಬರೀ ನೆಲ. ಬಸ್ಸು ತಿರುವು ದಾಟುವವರೆಗೂ ಅದು ಒಂದು ಗೇಣೂ ಮುಂದಕ್ಕೆ ಉರುಳಲಿಲ್ಲ.