ಚಿಕ್ಕಮ್ಮನ ರೇಡಿಯೋ

ಒದ್ದೆ ವಿಭೂತಿಯ ವಾಸನೆ ಬಂದರೆ ಇಂದಿಗೂ ನನ್ನ ನಾಲಿಗೆಯ ಮೇಲೆ ಬೆಲ್ಲದ ರುಚಿ ಏಳುತ್ತದೆ.

ಅಂದು ಆಯುಧಪೂಜೆ. ದಾವಣಗೆರೆಯ ನಮ್ಮ ಮನೆಯಲ್ಲಿ ಅಜ್ಜಿ ಹೊಲಿಗೆ ಮಷಿನ್ನಿಗೆ ಹಚ್ಚಿದಂತೆಯೇ ರೇಡಿಯೋಗೂ ವಿಭೂತಿ ಹಚ್ಚಿ, ಮೇಲೆ ಚೊಂಬಿನಿಂದ ನೀರು ಸುರಿದರು. ಆರತಿ ತಟ್ಟೆ ಹಿಡಿದು ನಿಂತಿದ್ದವಳು ನಾನೊಬ್ಬಳೇ. ಆ ರೇಡಿಯೋ ಹೊಸ ಸೊಸೆಯಾದ ಚಿಕ್ಕಮ್ಮನಿಗೆ ಹರಿಹರದಲ್ಲಿದ್ದ ಅವಳ ಅಪ್ಪ ಕೊಟ್ಟದ್ದು.

ಮಧ್ಯಾಹ್ನ ಚಿಕ್ಕಪ್ಪ ಗುಂಡಿ ತಿರುಗಿಸಿದರೆ ದೀಪವೇ ಹತ್ತಲಿಲ್ಲ. ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದರು, ನೆತ್ತಿಯ ಮೇಲೆ ತಟ್ಟಿದರು. ಕೊನೆಗೆ ರಿಪೇರಿಯವನು ಬಂದು ಹಿಂದಿನ ರಟ್ಟು ಬಿಚ್ಚಿದ.

“ಒಳಗ ನೀರು ಹೋಗೈತ್ರಿ. ಯಾರು ಹಾಕಿದ್ರಿ?”

“ಇನ್ಯಾರು, ನಮ್ಮ ಸೊಸಿ! ಒದ್ದಿ ಬಟ್ಟೇಲೆ ತಿಕ್ಕ್ಯಾಳ,” ಅಂದ ಅಜ್ಜಿ ನನ್ನ ಕೈಗೆ ಬಿಸಿ ಹೋಳಿಗೆ ಇಟ್ಟರು. “ನೀನ ನೋಡೀಯಲ್ಲವ್ವ?”

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರ್ ಸುಳ್ಳಿನ ಬಗ್ಗೆ ಹೇಳಿದ್ದೆಲ್ಲ ನನಗೆ ಬಾಯಿಪಾಠವಿತ್ತು. ಹೋಳಿಗೆ ಕಚ್ಚಿ, “ಹ್ಞೂಂ” ಅಂದೆ.

“ಪೆಟ್ಟಿಗಿ ಜೊತಿಗೆ ಇವಳ್ನೂ ಅವರಪ್ಪನ ಮನಿಗೆ ಬಿಟ್ಟು ಬಾರಪ್ಪ,” ಎಂದರು ಅಜ್ಜಿ ಚಿಕ್ಕಪ್ಪನಿಗೆ. “ಅದು ಹಾಡಿದ ಮ್ಯಾಲ ಎರಡೂ ಬರ್ಲಿ.”

ಸಂಜೆಯ ರೈಲಿಗೆ ಹೊರಟ ಚಿಕ್ಕಮ್ಮ, ರೇಡಿಯೋ ಎತ್ತಿಕೊಳ್ಳುವ ಮೊದಲು ನನ್ನೆದುರು ಕುಳಿತು, ನನ್ನ ತುಟಿಗೆ ಅಂಟಿದ್ದ ಹೂರಣವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.