ಯಮುನಾಬಾಯಿಯ ಚಪ್ಪಾಳೆ

"ಶ್! ಸುಮ್ನಿರಿ ಎಲ್ಲಾ, ಈಗ ನಮ್ಮತ್ತೆ ಚಪ್ಪಾಳೆ ಹೊಡೀತಾರೆ!" ಗೋಲ್ಕೊಂಡಾ ಕೋಟೆಯ ತುದಿಯಲ್ಲಿ ಗಾನವಿ ಮೊಬೈಲನ್ನು ಕಿವಿಯಿಂದ ತೆಗೆದಳು. ಬೆಳಗಿನಿಂದ ಗುಡಿ, ಅರಮನೆ ಅಂತ ಸುತ್ತಿ ಬಂದಿದ್ದ ಅಪಾರ್ಟ್‌ಮೆಂಟಿನ ಗುಂಪು ಉಸಿರು ಬಿಗಿಹಿಡಿಯಿತು. ಮಂಡಿನೋವಿನ ಅತ್ತೆ ಯಮುನಾಬಾಯಿ ಕೆಳಗೆ, ಹೆಬ್ಬಾಗಿಲ ಕಮಾನಿನಡಿ ಉಳಿದಿದ್ದರು. ಅಲ್ಲಿ ತಟ್ಟಿದ ಚಪ್ಪಾಳೆ ಇಷ್ಟೆತ್ತರಕ್ಕೂ ಕೇಳುತ್ತದೆ.

ಕೇಳಿತು! ಆದರೆ ಹತ್ತಾರು ಪ್ರವಾಸಿಗರದು ಒಟ್ಟಿಗೇ.

"ಇದ್ರಾಗ ಅವ್ವಂದು ಯಾವ್ದು?" ಗಂಡ ವಿಶ್ವಜಿತ್ ನಕ್ಕ.

"ನಂದು ನಿನಗ ಗೊತ್ತಾಗ್ತೈತಿ ಬಿಡು" ಎಂದು ಅತ್ತೆ ಆಗಲೇ ಫೋನಿನಲ್ಲಿ ಗಾನವಿಗೆ ಹೇಳಿದ್ದರು. ಅಷ್ಟರಲ್ಲಿ ಗದ್ದಲ ಸೀಳಿಕೊಂಡು ಬಂತು: ಟಪ್ ಟಪ್ ಟಪಟಪ, ತುಸು ನಿಂತು ಮತ್ತೆ ಟಪ್ ಟಪ್ ಟಪಟಪ. ಅತ್ತೆ ಬೆಳಗ್ಗೆ ಜೋಳದ ರೊಟ್ಟಿ ಬಡಿಯುತ್ತಿದ್ದ ಲಯ! ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಗಾನವಿ, "ಈ ಸದ್ದಿಗೆ ನಿದ್ದೆ ಕೆಡುತ್ತೆ" ಎಂದು ಹೋದ ತಿಂಗಳು ರೇಗಿದ್ದಳು. ಮರುದಿನದಿಂದ ಮನೆಗೆ ಅಂಗಡಿ ರೊಟ್ಟಿ ಬರತೊಡಗಿತ್ತು.

"ಅದೇ! ಅದೇ ಅತ್ತೇದು!" ಗಾನವಿ ಕುಣಿದೇಬಿಟ್ಟಳು. ಫೋನು ಮತ್ತೆ ಕಿವಿಗೇರಿತು.

"ಕೇಳಿಸ್ತೇನವ್ವಾ?" ಕೆಳಗಿನ ದನಿಗೂ ಸಡಗರ.

"ಕೇಳಿಸ್ತು ಅತ್ತೆ! ನಾಳೆ ಬೆಳಗ್ಗೆ ಮನೇಲೂ ಕೇಳಿಸ್ಬೇಕು."